ಬೀಗರು ಕೊಟ್ಟ ನಾಲ್ಕು ಚಕ್ರ

ಗೋಣಿತಾಟಿನಲ್ಲಿ ಸುತ್ತಿದ್ದ ನಾಲ್ಕು ಅಲಾಯ್ ಚಕ್ರಗಳನ್ನು ಮೇಲೂರಿನ ಅಣ್ಣ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಇಳಿಸಿದಾಗ ನಾನು ಒಳಗೆ ಅವರೆಕಾಳು ಬಿಡಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನಮ್ಮದು ಟೈರಿನ ಅಂಗಡಿ; ಮುಂದೆ ಅಂಗಡಿ, ಹಿಂದೆ ಮನೆ. ಜಾಕ್ ಎತ್ತುವುದು, ಬಿಚ್ಚುವುದು, ಹಾಕುವುದು ನಮ್ಮ ಯಜಮಾನರ ಕೆಲಸ. ಯಾವ ಗಾಡಿಗೆ ಯಾವ ಅಳತೆ, ಯಾವುದು ಅಂಗಡಿಯಲ್ಲಿದೆ, ಯಾವುದನ್ನು ಬೆಂಗಳೂರಿನಿಂದ ತರಿಸಬೇಕು ಎಂಬುದನ್ನೆಲ್ಲ ನೋಡುವವಳು ನಾನು.

ಮೇಲೂರಿನ ಅಣ್ಣ ನನ್ನ ಒಡಹುಟ್ಟಿದವರಲ್ಲ. ಜಾರುಬಾಗಿಲಿನ ವ್ಯಾನು ಇಟ್ಟುಕೊಂಡು ಹಳ್ಳಿಗಳಿಂದ ರೇಷ್ಮೆಗೂಡನ್ನು ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಅದಕ್ಕೂ ಮೊದಲು ಮನೆಯಲ್ಲೇ ನೂಲು ತೆಗೆಸುತ್ತಿದ್ದರು. ವರ್ಷಗಳಿಂದ ನಮ್ಮಲ್ಲಿಗೇ ಬರುವವರು, ಮನೆಯವರ ಹಾಗೆ.

"ಏನಣ್ಣಾ, ಬೆಳ್ಳಿ ತಟ್ಟೆ ತಂದಂಗೆ ತಂದಿದ್ದೀರ?" ಎಂದೆ.

"ಬೀಗರು ಕೊಟ್ಟಿದ್ದು ಕಣಮ್ಮ. ಅಳಿಯನ ತಮ್ಮ ಬೆಂಗಳೂರಲ್ಲಿ ಕಾರಿನ ಸಾಮಾನಿನ ಅಂಗಡೀಲಿ ಇದಾನಲ್ಲ, ಅವನೇ ಆರಿಸಿದ್ದಂತೆ. ಗುರುವಾರ ನಗರಗೆರೆಗೆ ಹೋಗಿ ಮಗಳನ್ನ ಕರ್ಕೊಂಡ್ ಬರ್ಬೇಕು. ಅವರ ಮನೆ ಮುಂದೆ ಗಾಡಿ ಇವನ್ನ ಹಾಕ್ಕೊಂಡೇ ನಿಲ್ಬೇಕು. ಇಲ್ದಿದ್ರೆ ಆ ಬೀಗಿತ್ತಿ ನನ್ನ ಸುಮ್ನೆ ಬಿಡ್ತಾಳಾ?"

ಗೌರಿಬಿದನೂರಿನ ಆಚೆಯ ನಗರಗೆರೆಗೆ ಕೊಟ್ಟಿದ್ದ ಮಗಳಿಗೆ ಏಳು ತಿಂಗಳು. ಮೊದಲ ಹೆರಿಗೆಗೆ ತವರಿಗೆ ಕರೆತರಬೇಕು. ಒಂದು ಸಲ ಇವರ ಮನೆಯಲ್ಲೇ ಯಾರೋ ತೀರಿಕೊಂಡು ದಿನ ತಪ್ಪಿತ್ತು. ಆ ಗುರುವಾರ ಬಿಟ್ಟರೆ ಎಂಟನೇ ತಿಂಗಳು ಹಿಡಿಯುತ್ತದೆ, ಆಮೇಲೆ ಕಳಿಸುವುದಿಲ್ಲ, ಹೆರಿಗೆ ನಮ್ಮಲ್ಲೇ ಆಗಲಿ ಎಂದು ಬೀಗಿತ್ತಿ ಹೇಳಿ ಕಳಿಸಿದ್ದಳು. ಅಣ್ಣನ ಹೆಂಡತಿ ಆಗಲೇ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ, ಕೊಬ್ಬರಿ, ಖರ್ಜೂರ ತಂದಿಟ್ಟು ಕಾಯುತ್ತಿದ್ದರು.

ಚಕ್ರದ ತೂತುಗಳು ವ್ಯಾನಿನ ಬೋಲ್ಟುಗಳಿಗೆ ಸರಿಯಾಗಿ ಕೂತವು. ಉಳಿದದ್ದು ಟೈರು.

ವ್ಯಾನಿನ ಹಳೆಯ ಟೈರಿನ ಪಕ್ಕದಲ್ಲಿ ೧೪೫ ಆರ್ ೧೨ ಎಂದು ಅಚ್ಚಾಗಿತ್ತು. ೧೪೫ ಎನ್ನುವುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕೊನೆಯ ೧೨ ಒಳಗಿನ ಚಕ್ರದ ಅಡ್ಡಳತೆ, ಇಂಚಿನಲ್ಲಿ. ಬೀಗರು ಕೊಟ್ಟದ್ದು ಹದಿಮೂರು ಇಂಚಿನದು. ಒಳಗಿನ ಚಕ್ರ ಒಂದು ಇಂಚು ಬೆಳೆದರೆ ಸುತ್ತಲಿನ ರಬ್ಬರಿನ ಗೋಡೆ ಆ ಮಟ್ಟಿಗೆ ಗಿಡ್ಡವಾಗಬೇಕು; ನೆಲದಿಂದ ಟೈರಿನ ನೆತ್ತಿಯವರೆಗಿನ ಒಟ್ಟು ಎತ್ತರ ಮೊದಲಿನಷ್ಟೇ ಇರಬೇಕು. ಲೆಕ್ಕವೇನೋ ಇಷ್ಟೇ. ಆದರೆ ಅಣ್ಣನ ಕಣ್ಣು ನಮ್ಮ ಅಂಗಡಿಯಲ್ಲಿ ನೇತುಹಾಕಿದ್ದ ೧೭೫/೭೦ ಆರ್ ೧೩ರ ಮೇಲೆ ಬಿದ್ದಿತ್ತು. ದೊಡ್ಡ ಕಾರಿನ ದಪ್ಪ ಟೈರು.

"ಇದೂ ಹದಿಮೂರೇ ಅಲ್ವೇನಮ್ಮ? ನೋಡೋಕೂ ಗತ್ತಾಗಿದೆ, ಭಾರನೂ ತಡೆಯುತ್ತೆ. ಇದನ್ನೇ ಹಾಕ್ಬಿಡಿ."

"ಭಾರ ತಡೆಯುತ್ತೆ ಅಣ್ಣ. ಗಾಡಿ ಅದನ್ನ ತಡೆಯಲ್ಲ."

ಬಾಯಲ್ಲಿ ಹೇಳಿದರೆ ಒಪ್ಪುವವರಲ್ಲ. ಹಳೆಯ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಅಂಗಡಿಯ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಅಳೆದೆ. ಸುಮಾರು ಐದೂವರೆ ಅಡಿ. ಯಜಮಾನರು ೧೭೫ನ್ನು ಒಂದು ಹೊಸ ಚಕ್ರಕ್ಕೆ ಹಾಕಿಕೊಟ್ಟರು. ಅದು ಒಂದು ಸುತ್ತಿಗೆ ಹೆಚ್ಚುಕಡಿಮೆ ಆರು ಅಡಿ ಹೋಯಿತು.

"ನೀವು ನೂಲು ತೆಗೆಸ್ತಿದ್ರಲ್ಲ, ರಾಟೆ ಸುತ್ತಳತೆ ಐದು ಬೆರಳು ಜಾಸ್ತಿ ಆದ್ರೆ ಏನಾಗ್ತಿತ್ತು?"

"ನೂಲಿನ ಲಡಿ ಲೆಕ್ಕವೆಲ್ಲ ತಪ್ಪೋದು. ಸುತ್ತು ಅಷ್ಟೇ, ನೂಲು ಜಾಸ್ತಿ."

"ಇಲ್ಲೂ ಅದೇ. ಮೀಟರು ಐವತ್ತು ತೋರ್ಸಿದ್ರೆ ಗಾಡಿ ಐವತ್ಮೂರರ ಮೇಲೆ ಓಡ್ತಿರುತ್ತೆ. ಬ್ರೇಕಿಗೂ ಕೆಲಸ ಜಾಸ್ತಿ."

ಅಣ್ಣ ತಲೆ ಕೆರೆದುಕೊಂಡರು. ಆದರೂ ಒಂದನ್ನು ಮುಂದೆ ಕೂರಿಸಿ ತೋರಿಸಿ ಎಂದು ಹಟ ಹಿಡಿದರು. ಕೂರಿಸಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ ಕೂಡಲೇ ಒಳಗೆ ಎಲ್ಲೋ ಗರ್ರೆಂದು ಕಚ್ಚಿಕೊಂಡಿತು. ಯಜಮಾನರು ಬಿಚ್ಚತೊಡಗಿದರು. ಅಣ್ಣನೂ ಮತ್ತೆ ಆ ಟೈರಿನ ಮಾತೆತ್ತಲಿಲ್ಲ.

ಸರಿಹೋಗುವಂಥದ್ದು ೧೬೫/೬೫ ಆರ್ ೧೩. ನಡುವಿನ ೬೫ ಎಂದರೆ ಟೈರಿನ ಗೋಡೆಯ ಎತ್ತರ ಅದರ ಅಗಲದ ನೂರಕ್ಕೆ ಅರವತ್ತೈದು ಪಾಲು. ಲೆಕ್ಕ ಹಾಕಿದರೆ ಹಳೆಯದಕ್ಕಿಂತ ಎಂಟೇ ಮಿಲಿಮೀಟರು ಎತ್ತರ. ಆಗಷ್ಟೇ ರಸ್ತೆಗೆ ಬಂದಿದ್ದ ಒಂದು ಕಾರಿಗೆ ಇದೇ ಅಳತೆ ಇದ್ದುದರಿಂದ ಬೆಂಗಳೂರಿನ ಡೀಲರಿಗೆ ಫೋನ್ ಮಾಡಿದ ಮಾರನೆಯ ದಿನವೇ ಬಸ್ಸಿನಲ್ಲಿ ಬಂತು. ಇನ್ನೂ ಸಣಕಲಾದ ೧೫೫ ಕೂಡ ಸಿಗುತ್ತಿತ್ತು; ಅದು ಈ ಅಗಲದ ಚಕ್ರದ ಮೇಲೆ ಎಳೆದು ಕೂರಿಸಿದ ಹಾಗಾಗುತ್ತದೆ, ಭಾರ ತಡೆಯುವ ಅಂಕಿಯೂ ಕಡಿಮೆ, ಬೇಡವೆಂದೆ.

೧೬೫ ಚೆನ್ನಾಗಿ ಕೂತಿತು. ಸ್ಟೀರಿಂಗು ಎರಡೂ ಕಡೆ ಪೂರ್ತಿ ತಿರುಗಿದರೂ ಎಲ್ಲೂ ತಾಗಲಿಲ್ಲ. ಆದರೆ ಹೊಸ ಚಕ್ರದ ಮುಖ ಹಳೆಯ ಕಬ್ಬಿಣದ ಚಕ್ರಕ್ಕಿಂತ, ಅಂದರೆ ಡಿಸ್ಕಿಗಿಂತ, ಹೊರಕ್ಕೆ ಬಂದಿತ್ತು. ಅದರಿಂದ ಹಿಂದಿನ ಟೈರಿನ ಹೊರ ಅಂಚು ಮಡ್‌ಗಾರ್ಡಿನ ತಗಡಿನ ನೇರ ಕೆಳಗೆ ನಿಂತಿತ್ತು. ಗಾಡಿ ಭಾರಕ್ಕೆ ಕೂತಾಗ ತಗಡು ಇಳಿದು ಟೈರಿಗೆ ತಾಗಬಹುದೇ? ನಾನು ಬಗ್ಗಿ ಅಲ್ಲೇ ನೋಡುತ್ತಿದ್ದೆ.

"ನಾಳೆ ಬೆಳಿಗ್ಗೆ ಫುಲ್ ಲೋಡು ತರ್ತಾರಲ್ಲ, ಹಾಗೇ ಬರ್ಲಿ. ಗೊತ್ತಾಗುತ್ತೆ" ಎಂದರು ಯಜಮಾನರು.

ಬುಧವಾರ ಬೆಳಿಗ್ಗೆ ಅಣ್ಣ ಸೀಟು ತೆಗೆದು, ನೆಲದಿಂದ ಛಾವಣಿಯವರೆಗೆ ಗೂಡಿನ ಚೀಲ ಒತ್ತಿ, ಜಾರುಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಬಂದರು. ಒಳಗೆ ಕೈ ತೂರಿಸಲು ಜಾಗವಿರಲಿಲ್ಲ. ನಾವಿಬ್ಬರೂ ಟೈರಿನ ಮೇಲೆ ಬೆರಳಾಡಿಸಿದೆವು. ಒಂದು ಗೆರೆಯಿಲ್ಲ, ಬಿಸಿಯಿಲ್ಲ. ಮಾರುಕಟ್ಟೆಯ ಗುಂಡಿಗಳಲ್ಲಿ ಎರಡು ಸುತ್ತು ಓಡಿಸಿದರೂ ಸದ್ದಿಲ್ಲ.

"ಪಾಸ್!" ಎಂದು ಅಣ್ಣ ಕಿಟಕಿಯಿಂದ ಕೂಗಿ, "ಅಮ್ಮಾ, ನಾಳೆ ನೀವೂ ಬರ್ಬೇಕು. ಐದು ಜನ ಮುತ್ತೈದೆಯರಲ್ಲಿ ಒಬ್ರಿಗೆ ಜ್ವರ" ಎಂದರು. ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ಹೊರಟೆವು. ಅಣ್ಣ ಓಡಿಸುತ್ತಿದ್ದರು, ಪಕ್ಕದಲ್ಲಿ ಅವರ ಸೋದರತ್ತೆ. ಹಿಂದೆ ಅಣ್ಣನ ಹೆಂಡತಿ, ನೆರೆಮನೆಯ ಇಬ್ಬರು ಹೆಂಗಸರು, ನಾನು. ಕಾಲಡಿ ಅಕ್ಕಿಯ ಚೀಲ, ಹಿತ್ತಾಳೆ ಬಿಂದಿಗೆ, ಕಜ್ಜಾಯದ ಡಬ್ಬಗಳು, ಎರಡು ಗೊನೆ ಬಾಳೆಹಣ್ಣು. ಮಧ್ಯಾಹ್ನ ಒಂದೂವರೆಗೆ ರಾಹುಕಾಲ. ಅಷ್ಟರೊಳಗೆ ಮಗಳನ್ನು ಹೊಸ್ತಿಲು ದಾಟಿಸಿ ಹೊರಡಬೇಕು.

ಚಿಕ್ಕಬಳ್ಳಾಪುರದವರೆಗೆ ಹಾಡು, ನಗು. ಅದನ್ನು ದಾಟಿ ಗೌರಿಬಿದನೂರಿನ ರಸ್ತೆ ಹಿಡಿದ ಮೇಲೆ ಒಂದು ಗುಂಡಿಯಲ್ಲಿ ನನ್ನ ಸೀಟಿನ ಕೆಳಗೆ ಜರ್ರ್ ಎಂದಿತು. ಸೀರೆ ಹರಿದಂತೆ, ಅಷ್ಟೇ ಹೊತ್ತು. ಯಾರೂ ಗಮನಿಸಲಿಲ್ಲ. ಮುಂದಿನ ಉಬ್ಬಿನಲ್ಲಿ ಮತ್ತೆ. ನಾನು ಹಾಡು ನಿಲ್ಲಿಸಿದೆ. ಆಮೇಲೆ ಸುಟ್ಟ ರಬ್ಬರಿನ ವಾಸನೆ.

"ಅಣ್ಣ, ಮಂಚೇನಹಳ್ಳಿ ಬಂದ ತಕ್ಷಣ ನಿಲ್ಸಿ. ಅಲ್ಲೀವರೆಗೂ ನಿಧಾನಕ್ಕೆ."

"ಏನಾಯ್ತಮ್ಮ? ವಾಂತಿನಾ?" ಎಂದರು ಸೋದರತ್ತೆ.

ಮಂಚೇನಹಳ್ಳಿಯಲ್ಲಿ ಇಳಿದು ನೋಡಿದೆ. ಹಿಂದಿನ ಎಡ ಟೈರಿನ ಹೊರ ಅಂಚಿನ ಸುತ್ತ ಕತ್ತಿಯಲ್ಲಿ ಕೆತ್ತಿದಂತೆ ಒಂದು ಗೆರೆ. ಅದರ ಮೇಲಿನ ಮಡ್‌ಗಾರ್ಡಿನ ತಗಡು ಬಣ್ಣ ಹೋಗಿ ಮಿರಮಿರ ಹೊಳೆಯುತ್ತಿತ್ತು. ಕೈ ಇಟ್ಟರೆ ಸುಡುವಷ್ಟು ಬಿಸಿ. ಬಲಗಡೆಯೂ ಗೆರೆ ಶುರುವಾಗಿತ್ತು.

"ನಿನ್ನೆ ಫುಲ್ ಲೋಡಲ್ಲಿ ಏನೂ ಆಗ್ಲಿಲ್ವಲ್ಲಮ್ಮ!" ಅಣ್ಣ ನೆಲದ ಮೇಲೆ ಕುಕ್ಕರಿಸಿದರು.

ನನಗೂ ಅದೇ ಅರ್ಥವಾಗಲಿಲ್ಲ. ಕೆಳಗಿಳಿದು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ ಹೆಂಗಸರನ್ನು ನೋಡಿದಾಗ ಹೊಳೆಯಿತು. ನಮ್ಮೂರಲ್ಲಿ ಫುಲ್ ಲೋಡು ಎಂದರೆ ಗೂಡು. ಗೂಡು ಛಾವಣಿ ಮುಟ್ಟುವಂತೆ ತುಂಬಿದರೂ ಎರಡು ಕ್ವಿಂಟಾಲಿನ ಆಚೀಚೆ, ಅದೂ ಸೀಟು ತೆಗೆದ ಮೇಲೆ. ಹುಟ್ಟಿದಾಗಿನಿಂದ ತುಂಬಿದ ಗಾಡಿ ಎಂದರೆ ಅದನ್ನೇ ಕಂಡ ನಮ್ಮ ಕಣ್ಣಿಗೆ ಜಾಗ ತುಂಬಿದ್ದೇ ಭಾರ ತುಂಬಿದ ಹಾಗೆ ಕಂಡಿತ್ತು. ಇಲ್ಲಿ ಆರು ಜನ, ಸೀಟು, ಅಕ್ಕಿ, ಬಿಂದಿಗೆ. ವ್ಯಾನಿನೊಳಗೆ ಇನ್ನೂ ಕಾಲು ಚಾಚಲು ಜಾಗವಿತ್ತು, ಭಾರ ಮಾತ್ರ ನಿನ್ನೆಯ ಎರಡರಷ್ಟಿತ್ತು. ವಾಪಸ್ ಬರುವಾಗ ಮಗಳು, ಅವಳನ್ನು ಬಿಡಲು ಬರುವ ಅವರ ಕಡೆಯ ಒಬ್ಬ ಹೆಂಗಸು, ಟ್ರಂಕು ಸೇರುತ್ತವೆ.

ವಿಷಯ ಹೇಳಿದೆ. ಅಣ್ಣ ಎದ್ದು ನಿಂತರು.

"ಒಂದ್ ಕೆಲಸ ಮಾಡೋಣ. ನೀವು ಮೂರ್ ಜನ ಬಸ್ಸಲ್ಲಿ ಬನ್ನಿ. ಗಾಡಿ ಹಗುರಾಗುತ್ತೆ. ಬರ್ತಾ ಗೌರಿಬಿದನೂರಲ್ಲಿ ಏನಾದ್ರೂ ಮಾಡಣ."

"ಹೋಗೋದು ಬಸ್ಸಲ್ಲಿ ಆಗುತ್ತೆ ಅಣ್ಣ. ಅವರ ಮನೆಯಿಂದ ಹೊರಡುವಾಗ ಮಗಳನ್ನ ಕೂರಿಸ್ಕೊಂಡು ಗೌರಿಬಿದನೂರಿನವರೆಗೆ ಬರೋದು ಯಾವ ಚಕ್ರದ ಮೇಲೆ?"

"ನಿಧಾನಕ್ಕೆ ಬರ್ತೀನಿ."

"ಈಗ್ಲೂ ನಿಧಾನಕ್ಕೇ ಬಂದ್ರಲ್ಲ."

"ತಗಡು ಬಗ್ಗಿಸ್ಬಿಡ್ಲಾ? ಸುತ್ತಿಗೇಲಿ ನಾಲ್ಕೇಟು."

ತಗಡನ್ನು ಒಳಕ್ಕೆ ಮಡಿಸುವುದುಂಟು. ಟಿಂಕರಿಂಗ್ ಕೆಲಸದವರು ಕೂತು ಮಾಡಬೇಕಾದದ್ದು ಅದು. ಅವಸರದಲ್ಲಿ ಬಡಿದರೆ ಮೊನೆ ಎದ್ದು ಟೈರನ್ನೇ ಸೀಳುತ್ತದೆ. ಅದೂ ಅಲ್ಲದೆ ಹಳೆಯ ಟೈರು ಸಾಮಾನು ಸಾಗಿಸುವ ಗಾಡಿಗೆಂದೇ ಮಾಡಿದ ಗಟ್ಟಿ ಪದರದ್ದು. ಹೊಸದು ಕಾರಿನದು, ಆಗಲೇ ಅಂಚು ಸವೆದದ್ದು. ನಾನು ಬೇಡವೆಂದೆ. ಹಿಂದಿನ ಎರಡಕ್ಕೂ ಅಂಗಡಿಯಲ್ಲಿ ಬಿಚ್ಚಿಟ್ಟ ಹಳೆಯ ಡಿಸ್ಕುಗಳೇ ಬರಬೇಕು, ಅವು ಬರುವವರೆಗೆ ಗಾಡಿ ಇಲ್ಲಿಂದ ಹೊರಡಬಾರದು ಎಂದೆ.

ಅಣ್ಣನಿಗೆ ಸಿಟ್ಟು ಬಂತು. "ಹಿಂದೆ ಕರೀದು, ಮುಂದೆ ಬಿಳೀದು ಹಾಕ್ಕೊಂಡು ಅವರ ಬಾಗ್ಲಿಗೆ ಹೋಗ್ಲಾ? ನಾನು ಏನಂತ ಹೇಳ್ಲಿ? ಟೈರ್ ಆರಿಸಿ ಕೊಟ್ಟವ್ರು ನೀವೇ ತಾನೆ?"

"ನಾನೇ. ಅದಕ್ಕೇ ಹೇಳ್ತಿರೋದು."

ಅವರ ಹೆಂಡತಿ ಮುಂದೆ ಬಂದರು. "ರೀ, ಅವಳನ್ನ ಕೂರ್ಸೋದು ಹಿಂದಿನ ಸೀಟಲ್ಲಿ. ಆ ಚಕ್ರದ ಮೇಲೇ. ಸುಮ್ನೆ ಹೋಗಿ ಫೋನ್ ಮಾಡ್ಕೊಂಡ್ ಬನ್ನಿ."

ಎಸ್‌ಟಿಡಿ ಬೂತಿಗೆ ನಾನೇ ಹೋದೆ. ಯಜಮಾನರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ.

"ಗೂಡಲ್ವಾ ತುಂಬಿಸಿದ್ದು ನಾವು" ಎಂದು ಒಂದು ಸಲ ಉಸಿರುಬಿಟ್ಟರು. "ಸ್ಟೆಪ್ನಿ ಹಳೇದೇ ಇದೆ. ಒಂದು ಕಳ್ಸಿದ್ರೆ ಸಾಕೇನು?"

"ಎರಡು ಕಳ್ಸಿ. ಸ್ಟೆಪ್ನಿ ಸ್ಟೆಪ್ನಿಯಾಗೇ ಇರ್ಲಿ. ಹಳೇ ನಟ್ಟುಗಳನ್ನ ಮರೀಬೇಡಿ, ಅಲಾಯಿನ ನಟ್ಟು ಡಿಸ್ಕಿಗೆ ಕೂರಲ್ಲ."

ಟೈರನ್ನು ಬಸ್ಸಿನ ಮೇಲೆ ಹಾಕಿ ಕಳಿಸುವುದು ನಮಗೆ ದಿನದ ಕೆಲಸ. ಆದರೆ ಅದಕ್ಕಾಗಿ ರಸ್ತೆ ಬದಿ ಕಾಯುವುದು ಅದೇ ಮೊದಲು. ಎರಡು ಬಸ್ಸು ಬಂದು ಹೋದವು, ನಮ್ಮದಲ್ಲ. ಬಿಸಿಲು ನೆತ್ತಿಗೆ ಏರುತ್ತಿತ್ತು. ಸೋದರತ್ತೆ ಗಳಿಗೆಗೊಮ್ಮೆ ಅಣ್ಣನ ಕೈಗಡಿಯಾರ ಎಳೆದು ನೋಡುತ್ತಿದ್ದರು. ಅಣ್ಣ ಹಿಂದಿನ ನಟ್ಟುಗಳನ್ನು ಸಡಿಲಿಸಿ, ಜಾಕ್ ಇಟ್ಟು, ಏನೂ ಮಾಡಲಾಗದೆ ಬೀಡಿ ಸೇದುತ್ತಿದ್ದರು. ನನ್ನೊಂದಿಗೆ ಮಾತಿಲ್ಲ.

ಕೊನೆಗೆ ಬಸ್ಸು ಬಂತು. ಕಂಡಕ್ಟರು ಮೇಲಿಂದ ಟೈರು ಇಳಿಸುತ್ತ, ರೇಷ್ಮೆ ಸೀರೆಯುಟ್ಟು ಕೈ ಚಾಚಿದ್ದ ನನ್ನನ್ನು ನೋಡಿ, "ಏನಮ್ಮ, ಮಡಿಲು ತುಂಬೋಕೆ ಟೈರ್ ತಗೊಂಡು ಹೋಗ್ತಿದೀರಾ?" ಎಂದು ನಕ್ಕ. ನೆರೆಮನೆಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಣ್ಣ ಮಾತ್ರ ನಗಲಿಲ್ಲ.

ಡಿಸ್ಕುಗಳನ್ನು ಕೂರಿಸಿ, ನಟ್ಟುಗಳನ್ನು ಒಂದರ ಎದುರು ಒಂದರಂತೆ ಬಿಗಿಗೊಳಿಸುವಾಗ ನಾನು ಪಕ್ಕದಲ್ಲೇ ಇದ್ದೆ. ಮುಂದಿನ ಎರಡು ಅಲಾಯ್‌ಗಳಿಗೆ ತೊಂದರೆ ಇರಲಿಲ್ಲ, ಹಾಗೇ ಬಿಟ್ಟೆವು. ಬಿಚ್ಚಿದ ಎರಡನ್ನು ಎದುರು ಬಂದ ಶಿಡ್ಲಘಟ್ಟದ ಬಸ್ಸಿಗೆ ಹಾಕಿ ಹೊರಟೆವು.

ನಗರಗೆರೆ ಮುಟ್ಟುವಾಗ ಹನ್ನೆರಡು ದಾಟಿತ್ತು. ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದಳು. ಎತ್ತರದ, ದಪ್ಪ ಆಳು. ಆರತಿ ತಟ್ಟೆ ಹಿಡಿದವರು ಆಗಲೇ ಸುಸ್ತಾಗಿ ಕೂತಿದ್ದರು. ಮೊದಲು ಹತ್ತಿರ ಬಂದವನು ಚಕ್ರ ಆರಿಸಿದ್ದ ಅಳಿಯನ ತಮ್ಮ, ಮಗಳ ಮೈದುನ. ವ್ಯಾನಿನ ಸುತ್ತ ಒಂದು ಸುತ್ತು ಹಾಕಿ ಹಿಂದೆ ನಿಂತ.

"ಮಾವ, ಹಿಂದಿಂದು ಎಲ್ಲಿ?"

"ಪಂಕ್ಚರ್ ಆಯ್ತಪ್ಪ."

"ಎರಡೂನಾ?"

ನಾನು ಮುಂದೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೀಗಿತ್ತಿ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನಾವು ಕೊಟ್ಟಿದ್ದು ಸರಿ ಇಲ್ಲ."

"ಚಕ್ರಕ್ಕೆ ಏನೂ ಆಗಿಲ್ಲ ಅಮ್ಮ. ಇಷ್ಟು ಜನ ಕೂತ್ರೆ ಹಿಂದೆ ಆ ಟೈರು ತಗಡಿಗೆ ತಾಗುತ್ತೆ. ನಿಮ್ಮ ಸೊಸೆ ಕೂರೋದು ಹಿಂದೆ. ಅದಕ್ಕೆ ಬಿಚ್ಚಿಸ್ದೆ."

"ನೀವ್ಯಾರು?"

"ಟೈರಿನ ಅಂಗಡಿಯವಳು."

"ಏಮಯ್ಯಾ, ಮುತ್ತೈದೆ ಅಂತ ಟೈರ್ ಅಂಗಡಿಯವಳನ್ನ ಕರ್ಕೊಂಡ್ ಬಂದಿದ್ದೀಯಾ?" ಎಂದು ಅಣ್ಣನ ಕಡೆ ತಿರುಗಿದಳು. "ದಾರೀಲಿ ಕೆಟ್ಟು ಕೂತ ಗಾಡೀಲಿ ನಾನು ಹುಡುಗೀನ ಕಳ್ಸಲ್ಲ. ಊಟ ಮಾಡ್ಕೊಂಡು ಹೋಗಿ. ಹೆರಿಗೆ ಇಲ್ಲೇ ಆಗ್ಲಿ."

ಒಳಗಿನ ಕಂಬದ ಪಕ್ಕ ಮಗಳು ಹೂ ಮುಡಿದು, ಟ್ರಂಕಿನ ಮೇಲೆ ಕೈಯಿಟ್ಟು ನಿಂತಿದ್ದಳು. ತಾಯಿಯನ್ನು ನೋಡಿದಳು, ಅತ್ತೆಯ ಬೆನ್ನನ್ನು ನೋಡಿದಳು. ಅಣ್ಣನ ಹೆಂಡತಿ ಮಡಿಲಕ್ಕಿಯ ತಟ್ಟೆ ಹಿಡಿದೇ ಇದ್ದರು.

"ನೀವು ಹೇಳೋದು ಸರಿ ಅಮ್ಮ" ಎಂದೆ. "ನನ್ನ ಮಾತು ನಂಬಿ ಕಳಿಸ್ಬೇಡಿ. ಬನ್ನಿ, ನೀವೇ ಹತ್ತಿ. ಸೊಸೆ ಕೂರೋ ಜಾಗದಲ್ಲೇ ಕೂತ್ಕೊಳಿ. ನಾವೂ ಎಲ್ಲಾ ಹತ್ತುತ್ತೀವಿ. ಊರಾಚೆ ಒಂದು ಸುತ್ತು ಹೋಗ್ಬರೋಣ. ತಾಗಿದ್ರೆ ನಿಮ್ಮ ಕಾಲಿಗೇ ಗೊತ್ತಾಗುತ್ತೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೇಡವೆನ್ನುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ, ಬಾಗಿಲ ಬಳಿ ಕೂತಿದ್ದ ಇಬ್ಬರು ಹೆಂಗಸರಿಗೆ ತೆಲುಗು ಬೆರೆಸಿ "ರಂಡಮ್ಮಾ, ಬನ್ನಿ ನೀವೂ" ಎಂದು ಹೇಳಿ, ವ್ಯಾನಿನ ಹಿಡಿಕೆ ಹಿಡಿದು ಹತ್ತಿ ಎಡಗಡೆ ಚಕ್ರದ ಮೇಲಿನ ಸೀಟಿನಲ್ಲಿ ಕೂತಳು. ವ್ಯಾನು ಆ ಕಡೆಗೆ ಒಮ್ಮೆ ವಾಲಿತು. ನಾವೆಲ್ಲ ಒತ್ತಿಕೊಂಡು ಕೂತೆವು. ಮಗಳನ್ನು ಕರೆದುಕೊಂಡು ವಾಪಸ್ ಹೊರಡುವಾಗ ಇರುವುದಕ್ಕಿಂತಲೂ ಹೆಚ್ಚು ಜನ.

ಊರಾಚೆ ರಸ್ತೆಗೆ ಅಡ್ಡಲಾಗಿ ಒಂದು ಮೋರಿ, ಅದರ ಎರಡೂ ಕಡೆ ಮಣ್ಣು ಕುಸಿದು ಗುಂಡಿ. ಅಣ್ಣ ಹೆದರಿ ಬ್ರೇಕ್ ಒತ್ತಿದರು.

"ಯಾಕೆ ನಿಧಾನ ಮಾಡ್ತೀಯ? ಬಿಡಯ್ಯಾ!"

ವ್ಯಾನು ಇಳಿಯಿತು, ಕುಪ್ಪಳಿಸಿತು, ಧೊಪ್ಪೆಂದು ಕೂತಿತು. ನಾನು ಉಸಿರು ಹಿಡಿದು ಕೇಳಿಸಿಕೊಂಡೆ. ಬಳೆಗಳ ಸದ್ದು, ಸೀಟಿನ ಸ್ಪ್ರಿಂಗಿನ ಕಿರ್‍ರು, ಯಾರೋ "ಅಯ್ಯೋ ನನ್ನ ಸೊಂಟ" ಎಂದದ್ದು. ಇನ್ನೇನೂ ಇಲ್ಲ. "ಇನ್ನೊಂದ್ಸಲ" ಎಂದಳು ಬೀಗಿತ್ತಿ. ತಿರುಗಿಸಿಕೊಂಡು ಮತ್ತೆ ಹಾಯಿಸಿದರು. ಆಗಲೂ ಇಲ್ಲ.

ಮನೆಯ ಮುಂದೆ ಇಳಿದವಳು ಬಗ್ಗಿ ಹಿಂದಿನ ಟೈರಿನ ಅಂಚಿಗೆ, ಮಗುವಿನ ಹಣೆ ಮುಟ್ಟಿ ನೋಡುವಂತೆ, ಕೈ ಹಿಂದುಮುಂದು ಮಾಡಿ ಇಟ್ಟಳು. ಎದ್ದು ಸೆರಗಿಗೆ ಕೈ ಒರೆಸಿಕೊಂಡಳು.

"ಟೈಮ್ ಎಷ್ಟು?"

"ಒಂದಕ್ಕೆ ಹತ್ತು ನಿಮಿಷ ಇದೆ" ಎಂದ ಮೈದುನ.

"ಮತ್ತೆ ಏನು ನೋಡ್ತಾ ನಿಂತಿದ್ದೀರ? ಎಲೆ ಹಾಕಿ. ಎರಡು ತುತ್ತು ತಿಂದು ಹೊರಡಿ. ಅಮ್ಮಾಯೀ, ಟ್ರಂಕು ಈಚೆ ತಾ. ಏಯ್, ಅವಳ ಕೈಲಿ ಎತ್ತಿಸ್ತೀಯೇನೋ, ನೀನು ಎತ್ತೋ!" ಎಂದು ಮೈದುನನನ್ನು ಗದರಿದಳು.

ಒಂದೂವರೆಗೆ ಮೊದಲೇ ಊರು ಬಿಟ್ಟೆವು. ಮಗಳು ಕಿಟಕಿಯ ಪಕ್ಕ, ಅವಳ ಒತ್ತಿಗೆ ನಾನು. ಮೋರಿ ದಾಟುವಾಗ ಅಣ್ಣ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿದರು, ಕನ್ನಡಿಯಲ್ಲಿ ನನ್ನನ್ನು ನೋಡಿ, ಮಂಚೇನಹಳ್ಳಿಯ ಜಗಳದ ನಂತರ ಮೊದಲ ಸಲ, "ಸರಿಯಾಗಿದೆಯಾಮ್ಮ?" ಎಂದು ಕೇಳಿದರು. ಸರಿಯಾಗಿದೆ ಎಂದೆ.

ಮಗಳು ನನ್ನ ಕಿವಿಯ ಹತ್ತಿರ ಬಾಗಿದಳು.

"ಆಂಟಿ, ನಮ್ಮತ್ತೆ ಇವತ್ತಿನವರೆಗೂ ಈ ವ್ಯಾನ್ ಹತ್ತಿರ್ಲಿಲ್ಲ ಗೊತ್ತಾ? ಮದುವೇಲಿ ಅಪ್ಪ ಎಷ್ಟು ಕರೆದ್ರೂ ಗೂಡಿನ ಗಾಡಿ ಅಂತ ಹತ್ತಲಿಲ್ಲ."

ಹೇಳಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನ ಭುಜಕ್ಕೆ ಒರಗಿದಳು. ಗೌರಿಬಿದನೂರು ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು.